ಸ್ಟಿಕ್ಕರಿನ ಮೇಲಿನ ಇಪ್ಪತ್ತೈದು ಅಕ್ಷರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರೆಲ್ಲ ಕೇಳುವುದು ಒಂದೇ ಬಗೆಯ ಪ್ರಶ್ನೆ. ವಿಂಡೋಸ್ 11 ಹಾಕಿಸಿಕೊಂಡರೆ ಹಳೆಯ ಪ್ರಾಡಕ್ಟ್ ಕೀ ನಡೆಯುತ್ತದೆಯೇ, ಹೊಸದು ಕೊಳ್ಳಬೇಕೇ? ಹನ್ನೊಂದು ಹಿಡಿಸದೆ ಹತ್ತಕ್ಕೇ ವಾಪಸು ಬಂದರೆ ಅದೇ ಕೀ ಮತ್ತೆ ಕೆಲಸ ಮಾಡುತ್ತದೆಯೇ? ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಲೈಸೆನ್ಸ್ ಹೋಗಿಬಿಡುತ್ತದೆಯೇ? ಅಂಗಡಿಯಲ್ಲಿ ಇದಕ್ಕೆ ಸಿಗುವ ಉತ್ತರ ಬಹುತೇಕ "ಹೊಸ ಕೀ ಹಾಕಿಬಿಡೋಣ" ಅಥವಾ "ಹೇಗೋ ಆ್ಯಕ್ಟಿವೇಟ್ ಮಾಡಿಕೊಡ್ತೀವಿ" ಎಂದು. ಮೊದಲ ಮಾತಿಗೆ ಒಪ್ಪಿದರೆ, ಆಗಲೇ ನಿಮ್ಮದಾಗಿರುವ ವಸ್ತುವಿಗೆ ಎರಡನೇ ಸಲ ದುಡ್ಡು ಕೊಟ್ಟಂತಾಗಬಹುದು. ಎರಡನೆಯದಕ್ಕೆ ಒಪ್ಪಿದರೆ ಆಗುವ ತೊಂದರೆಯನ್ನು ಮುಂದೆ ಹೇಳುತ್ತೇನೆ.

ಅವಸರದಲ್ಲಿರುವವರಿಗೆ ಮೊದಲು ನೇರ ಉತ್ತರ. ನಿಮ್ಮ ಯಂತ್ರದಲ್ಲಿ ಈಗ ವಿಂಡೋಸ್ 10 ಸರಿಯಾಗಿ ಆ್ಯಕ್ಟಿವೇಟ್ ಆಗಿದ್ದರೆ, ಅದೇ ಯಂತ್ರದಲ್ಲಿ, ಅದೇ ಎಡಿಶನ್ನಿನ (ಹೋಮ್, ಪ್ರೊ ಮುಂತಾದ ಬಗೆಯ) ವಿಂಡೋಸ್ 11ಕ್ಕೆ ಹೋಗಲು ಯಾವ ಕೀಯೂ ಬೇಡ. ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕುವಾಗಲೂ, ಕೀ ಕೇಳುವ ಪರದೆ ಬಂದಾಗ "ನನ್ನ ಬಳಿ ಕೀ ಇಲ್ಲ" ಎಂಬುದನ್ನು ಒತ್ತಿ ಮುಂದೆ ಹೋಗಿ. ಇಂಟರ್‌ನೆಟ್ ಸಿಕ್ಕ ಸ್ವಲ್ಪ ಹೊತ್ತಿಗೆ ಅದು ತಾನೇ ಆ್ಯಕ್ಟಿವೇಟ್ ಆಗುತ್ತದೆ. ಈ ಉತ್ತರದಲ್ಲಿ "ಅದೇ ಯಂತ್ರ", "ಅದೇ ಎಡಿಶನ್" ಎಂಬ ಎರಡು ಷರತ್ತುಗಳಿವೆ. ಜನ ದುಡ್ಡು ಕಳೆದುಕೊಳ್ಳುವುದು ಇವೆರಡನ್ನು ಗಮನಿಸದೆಯೇ.

ಕೀ ಬೇರೆ, ಲೈಸೆನ್ಸ್ ಬೇರೆ. ವಿದ್ಯಾರ್ಥಿಗಳ ಬಸ್ ಪಾಸನ್ನು ನೆನಪಿಸಿಕೊಳ್ಳಿ. ಪಾಸಿನ ಮೇಲೊಂದು ಸಂಖ್ಯೆ ಇರುತ್ತದೆ, ನಿಜ. ಆದರೆ ಬಸ್ಸಿನಲ್ಲಿ ಓಡಾಡುವ ಹಕ್ಕು ಕೊಡುವುದು ಆ ಸಂಖ್ಯೆಯಲ್ಲ. ಯಾರ ಹೆಸರಿಗೆ, ಯಾವ ಊರಿನಿಂದ ಯಾವ ಊರಿಗೆ, ಎಲ್ಲಿಯವರೆಗೆ ಎಂಬ ಒಪ್ಪಂದ. ವಿಂಡೋಸ್ ಕೀಯೂ ಅಷ್ಟೇ. ಅದರ ಹಿಂದಿರುವ ಒಪ್ಪಂದ ಯಾವ ಬಗೆಯದು ಎಂದು ತಿಳಿಯದೆ, ಬರೀ 25 ಅಕ್ಷರಗಳನ್ನು ಜೋಪಾನವಾಗಿ ಬರೆದಿಟ್ಟುಕೊಂಡರೆ ಹೆಚ್ಚು ಪ್ರಯೋಜನವಿಲ್ಲ.

ಒಂದು ಕಾಲದಲ್ಲಿ ಕೀಯೇ ಸರ್ವಸ್ವವಾಗಿತ್ತು. ವಿಂಡೋಸ್ 95ರ ಅಂಗಡಿ ಪ್ರತಿಗಳಲ್ಲಿ ಮೂರು ಅಂಕಿ, ಒಂದು ಗೀಟು, ಆಮೇಲೆ ಏಳು ಅಂಕಿ. ಕೊನೆಯ ಏಳು ಅಂಕಿಗಳ ಮೊತ್ತ ಏಳರಿಂದ ಭಾಗವಾಗುತ್ತದೆಯೇ ಎಂದು ನೋಡುವುದೇ ಮುಖ್ಯ ಪರೀಕ್ಷೆ. ಎಲ್ಲ ಕಡೆ ಒಂದು, ಒಂದು ಎಂದು ಒತ್ತಿದರೂ ಸಾಕಿತ್ತು. ಒಂದೇ ಸಿ.ಡಿ., ಒಂದೇ ಕೀ ಇಡೀ ಬೀದಿಯ ಕಂಪ್ಯೂಟರುಗಳಿಗೆ ಆಗುತ್ತಿದ್ದ ಕಾಲ ಅದು. 2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿ ಅದನ್ನು ಬದಲಿಸಿತು. ಕೀ ಹಾಕಿದ ಮೇಲೆ 30 ದಿನಗಳೊಳಗೆ ಮೈಕ್ರೋಸಾಫ್ಟಿನ ಸರ್ವರಿಗೆ ವರದಿ ಒಪ್ಪಿಸಬೇಕು. ಆ ವರದಿಯಲ್ಲಿ ಕೀ ಜೊತೆಗೆ ಪ್ರೊಸೆಸರ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮೊದಲಾದ ಹತ್ತು ಬಿಡಿಭಾಗಗಳಿಂದ ತೆಗೆದ ಗುರುತೂ ಹೋಗುತ್ತಿತ್ತು. ಕೀಗೆ ಯಂತ್ರದ ಗಂಟು ಬಿದ್ದದ್ದು ಅಲ್ಲಿಂದ. ಇವತ್ತಿಗೂ ಅದು ಬಿಚ್ಚಿಲ್ಲ, ಇನ್ನಷ್ಟು ಬಿಗಿಯಾಗಿದೆ.

ಈಗ ಲ್ಯಾಪ್‌ಟಾಪ್ ಮಗುಚಿ ನೋಡಿ. 2012ಕ್ಕೆ ಮೊದಲಿನದಾದರೆ ತಳದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಐದೈದು ಅಕ್ಷರಗಳ ಐದು ಗುಂಪು. ತೊಡೆಯ ಮೇಲಿಟ್ಟು ಉಜ್ಜಿ ಉಜ್ಜಿ, ಬಿಸಿಗೆ ಶಾಯಿ ಹಾರಿ, ಅರ್ಧ ಅಕ್ಷರ ಮಾಸಿರುತ್ತದೆ. ಆದರೂ ಓದಲು ಪ್ರಯತ್ನಿಸಿ. ಈ ಕೀಗಳಲ್ಲಿ ಸೊನ್ನೆಯೂ ಇಲ್ಲ, ಓ ಅಕ್ಷರವೂ ಇಲ್ಲ. ಒಂದೂ ಇಲ್ಲ, ಐ ಕೂಡ ಇಲ್ಲ. ಐದು ಇಲ್ಲ, ಎಸ್ ಇಲ್ಲ. ಒಂದರಂತೆ ಇನ್ನೊಂದು ಕಾಣುವವನ್ನು ಮೊದಲೇ ಬಿಟ್ಟು 24 ಚಿಹ್ನೆಗಳನ್ನಷ್ಟೇ ಬಳಸಿದ್ದಾರೆ. ಮಾಸಿದ ಅಕ್ಷರವನ್ನು ಊಹಿಸುವಾಗ ಇದು ನೆರವಿಗೆ ಬರುತ್ತದೆ. ಬಿ ಅಕ್ಷರವೋ ಎಂಟೋ ಎಂಬ ಗೊಂದಲ ಮಾತ್ರ ಉಳಿದೇ ಉಳಿಯುತ್ತದೆ, ಏಕೆಂದರೆ ಅವೆರಡೂ ಪಟ್ಟಿಯಲ್ಲಿವೆ.

ಈ ಸ್ಟಿಕ್ಕರಿನ ಬಗ್ಗೆ ಬಹಳ ಜನಕ್ಕೆ ತಿಳಿಯದ ಸಂಗತಿಯೊಂದಿದೆ. ದೊಡ್ಡ ಕಂಪನಿಗಳ ವಿಸ್ಟಾ ಮತ್ತು ವಿಂಡೋಸ್ 7 ಯಂತ್ರಗಳಲ್ಲಿ ಆ ಕೀಯನ್ನು ಕಾರ್ಖಾನೆಯಲ್ಲಿ ಬಳಸಿರಲೇ ಇಲ್ಲ. ತಯಾರಕರು ಸಾವಿರಾರು ಯಂತ್ರಗಳಿಗೆ ಒಂದೇ ತಾಯಿ ಕೀ ಬಳಸಿ, ಬಯಾಸ್‌ನಲ್ಲಿ ಬರೆದಿಟ್ಟ ಗುರುತಿನ ಜೊತೆ ಅದನ್ನು ತಾಳೆ ಹಾಕಿ, ಇಂಟರ್‌ನೆಟ್ ಇಲ್ಲದೆಯೇ ಆ್ಯಕ್ಟಿವೇಟ್ ಮಾಡಿ ಕಳಿಸುತ್ತಿದ್ದರು. ಹಾಗಾಗಿ ಕೀ ಹುಡುಕಿಕೊಡುವ ಸಣ್ಣ ತಂತ್ರಾಂಶ ಓಡಿಸಿದರೆ ಪರದೆಯ ಮೇಲೆ ಬರುವುದು ಆ ತಾಯಿ ಕೀ. ಅದನ್ನು ಬರೆದಿಟ್ಟುಕೊಂಡು, ಯಂತ್ರ ಫಾರ್ಮ್ಯಾಟ್ ಮಾಡಿಸಿ, ಅದನ್ನೇ ಮತ್ತೆ ಒತ್ತಿದರೆ ಸರ್ವರ್ ಒಪ್ಪುವುದಿಲ್ಲ. ಒತ್ತಬೇಕಾದದ್ದು ಕೆಳಗಿನ ಸ್ಟಿಕ್ಕರಿನ ಕೀ. ತಂತ್ರಾಂಶ ತೋರಿಸಿದ್ದು ಬೇರೆ, ಸ್ಟಿಕ್ಕರಿನಲ್ಲಿರುವುದು ಬೇರೆ ಎಂದು ಗಾಬರಿಯಾಗಿ "ನಮಗೆ ನಕಲಿ ಮಾರಿದ್ದಾರೆ" ಎಂದು ತೀರ್ಮಾನಿಸಿದವರೂ ಇದ್ದಾರೆ. ಮೋಸವೇನೂ ಆಗಿರಲಿಲ್ಲ. ಆದರೆ ಕೊಂಡವರಿಗೆ ಇದನ್ನು ಒಂದು ಸಾಲಿನಲ್ಲಿ ಹೇಳುವ ಸೌಜನ್ಯವನ್ನು ಯಾರೂ ತೋರಲಿಲ್ಲ.

ವಿಂಡೋಸ್ 8ರ ಹೊತ್ತಿಗೆ ಸ್ಟಿಕ್ಕರಿನಿಂದ ಕೀ ಮಾಯವಾಯಿತು. ಪ್ರತಿ ಯಂತ್ರಕ್ಕೂ ಬೇರೆ ಬೇರೆ ಕೀ ಕೊಟ್ಟು ಅದನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಬರೆಯತೊಡಗಿದರು. ಡಿಸ್ಕ್ ಸುಟ್ಟುಹೋದರೂ ಕೀ ಅಲ್ಲೇ ಉಳಿಯುತ್ತದೆ. ವಿಂಡೋಸ್ ಹಾಕುವ ಪೆನ್‌ಡ್ರೈವ್ ಅದನ್ನು ತಾನೇ ಓದಿಕೊಳ್ಳುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ. ಅನುಕೂಲ ನಿಜ, ಆದರೆ ಇದರಿಂದ ಒಂದು ವಿಚಿತ್ರ ತೊಡಕೂ ಹುಟ್ಟಿತು. ಲ್ಯಾಪ್‌ಟಾಪ್ ಹೋಮ್ ಎಡಿಶನ್ನಿನದು, ನೀವು ಬೇರೆ ದುಡ್ಡು ಕೊಟ್ಟು ಪ್ರೊ ಕೀ ಕೊಂಡಿದ್ದೀರಿ ಎನ್ನೋಣ. ಹೊಸದಾಗಿ ಹಾಕುವಾಗ ಫರ್ಮ್‌ವೇರ್‌ನಲ್ಲಿ ಹೋಮ್ ಕಂಡು, ಏನೂ ಕೇಳದೆ ಹೋಮ್ ಅನ್ನೇ ಹಾಕಿಬಿಡುತ್ತದೆ. ಕೊಂಡ ಪ್ರೊ ಕೀ ಹಾಳಾಯಿತು ಎಂದುಕೊಳ್ಳಬೇಡಿ. ಹೋಮ್ ಎದ್ದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೊ ಕೀ ಒತ್ತಿದರೆ ಅಲ್ಲೇ ಪ್ರೊ ಆಗಿ ಬದಲಾಗುತ್ತದೆ. ಮೊದಲಿನಿಂದಲೇ ಪ್ರೊ ಬರಬೇಕೆಂದರೆ, ಪೆನ್‌ಡ್ರೈವಿನ ಸೋರ್ಸಸ್ ಫೋಲ್ಡರಿನಲ್ಲಿ ಇಐ ಡಾಟ್ ಸಿಎಫ್‌ಜಿ ಎಂಬ ನಾಲ್ಕಾರು ಸಾಲಿನ ಕಡತ ಬರೆದಿಟ್ಟರೆ ಕೆಲಸ ನಡೆಯುತ್ತದೆ.

ಎಡಿಶನ್ನಿನ ಈ ಕಟ್ಟುನಿಟ್ಟು ಆವೃತ್ತಿ ಬದಲಿಸುವಾಗ ಇನ್ನೂ ಹೆಚ್ಚು ಕಾಡುತ್ತದೆ. ವಿಂಡೋಸ್ 7ರ ಸ್ಟಾರ್ಟರ್, ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ ಇದ್ದವರು ಹತ್ತಕ್ಕೆ ಬಂದಾಗ ಸಿಕ್ಕಿದ್ದು ಹೋಮ್. ಪ್ರೊಫೆಷನಲ್ ಮತ್ತು ಅಲ್ಟಿಮೇಟ್ ಇದ್ದವರಿಗೆ ಪ್ರೊ. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಬರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂಬ ಬಗೆ. ಅದರಲ್ಲಿ ಪರದೆಯ ಭಾಷೆ ಒಂದೇ ಇರಬೇಕು. ಕನ್ನಡ ಕೀಬೋರ್ಡ್ ಸೇರಿಸಿಕೊಂಡು ಟೈಪ್ ಮಾಡಲು ಅಡ್ಡಿಯಿಲ್ಲ. ಫಾರ್ಮ್ಯಾಟ್ ಮಾಡಿಸುವಾಗ ಅಂಗಡಿಯವರು ಅಭ್ಯಾಸಬಲದಿಂದ ಪ್ರೊ ಹಾಕಿಬಿಡುತ್ತಾರೆ, ಆಮೇಲೆ "ನಿಮ್ಮ ಲೈಸೆನ್ಸ್ ಹೋಗಿದೆ" ಎನ್ನುತ್ತಾರೆ. ಲೈಸೆನ್ಸ್ ಎಲ್ಲಿಗೂ ಹೋಗಿರುವುದಿಲ್ಲ. ಸಿಂಗಲ್ ಲ್ಯಾಂಗ್ವೇಜ್ ಹಾಕಿದರೆ ಫರ್ಮ್‌ವೇರ್‌ನಲ್ಲಿರುವ ಕೀ ಎದ್ದು ಬರುತ್ತದೆ. ಯಂತ್ರವನ್ನು ಅಂಗಡಿಗೆ ಕೊಡುವ ಮುಂಚೆ ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದ ಒಂದು ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಂಡರೆ ಈ ವಾದವೇ ಬರುವುದಿಲ್ಲ.

2015ರ ಜುಲೈ 29ರಂದು ವಿಂಡೋಸ್ 10 ಬಂದಾಗ, ಏಳು ಮತ್ತು 8.1 ಇದ್ದವರಿಗೆ ಒಂದು ವರ್ಷ ಉಚಿತ ಎಂದು ಮೈಕ್ರೋಸಾಫ್ಟ್ ಸಾರಿತು. ಆಗ ಕೀ ಎಂಬುದರ ಸ್ಥಾನವೇ ಬದಲಾಯಿತು. ಉಚಿತವಾಗಿ ಹತ್ತಕ್ಕೆ ಬಂದವರಿಗೆ ಹೊಸ ಕೀ ಕೊಡಲೇ ಇಲ್ಲ. ಯಂತ್ರದ ಗುರುತನ್ನು ಸರ್ವರಿನಲ್ಲಿ ದಾಖಲಿಸಿ "ಈ ಯಂತ್ರಕ್ಕೆ ಹಕ್ಕಿದೆ" ಎಂದು ಬರೆದುಕೊಂಡರು. ಇದೇ ಡಿಜಿಟಲ್ ಲೈಸೆನ್ಸ್. ಇಂಥ ಯಂತ್ರದಲ್ಲಿ ಕೀ ಹುಡುಕುವ ತಂತ್ರಾಂಶ ಓಡಿಸಿದರೆ ಒಂದು ಕೀ ಬರುತ್ತದೆ. ಪ್ರೊ ಆದರೆ ಅದರ ಕೊನೆಯ ಐದು ಅಕ್ಷರ 3ವಿ66ಟಿ. ನಿಮ್ಮದೂ ಅದೇ, ಪಕ್ಕದ ಮನೆಯವರದೂ ಅದೇ, ಬೇರೆ ದೇಶದವರದೂ ಅದೇ. ಜಾಗ ತುಂಬಿಸಲು ಇಟ್ಟ ಸಾಮಾನ್ಯ ಕೀ ಅದು. ಅದನ್ನು ಜೋಪಾನ ಮಾಡುವುದರಲ್ಲಿ ಅರ್ಥವಿಲ್ಲ. ಜೋಪಾನ ಮಾಡಬೇಕಾದದ್ದು ಆ ಯಂತ್ರದ ಲೈಸೆನ್ಸನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿರುವ ಕೊಂಡಿಯನ್ನು. 2016ರ ಆಗಸ್ಟಿನಿಂದ ಈಚಿನ ಆವೃತ್ತಿಗಳಲ್ಲಿ ಈ ಸೌಲಭ್ಯವಿದೆ. ಬಿಡಿಭಾಗ ಬದಲಾಗಿ ಆ್ಯಕ್ಟಿವೇಶನ್ ತಪ್ಪಿದಾಗ, ಟ್ರಬಲ್‌ಶೂಟರ್ ತೆರೆದು "ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ" ಎಂದು ಹೇಳಿ, ಖಾತೆಯ ಮೂಲಕ ಹಕ್ಕನ್ನು ಮರಳಿ ಕೇಳಬಹುದು. ಎಸ್‌ಎಸ್‌ಡಿ, ರ್‍ಯಾಮ್ ಬದಲಿಸಿದ್ದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮದರ್‌ಬೋರ್ಡ್ ಬದಲಾದಾಗಲೇ ಪ್ರಶ್ನೆ ಏಳುವುದು.

2015ರ ನವೆಂಬರಿನ ಅಪ್‌ಡೇಟ್ ಬಂದ ಮೇಲೆ ಏಳು, ಎಂಟರ ಕೀಯನ್ನು ನೇರವಾಗಿ ಹತ್ತರಲ್ಲಿ ಒತ್ತಿದರೂ ಸರ್ವರ್ ಒಪ್ಪಿಕೊಳ್ಳತೊಡಗಿತು. ಉಚಿತದ ಗಡುವು 2016ರ ಜುಲೈ 29ಕ್ಕೆ ಮುಗಿದರೂ ಈ ಬಾಗಿಲನ್ನು ಯಾರೂ ಮುಚ್ಚಲಿಲ್ಲ. ಏಳು ವರ್ಷ ಅದು ತೆರೆದೇ ಇತ್ತು. ಹಳೆಯ ಯಂತ್ರದ ತಳದ ಸ್ಟಿಕ್ಕರ್ ಓದಿ ಹತ್ತನ್ನೂ ಹನ್ನೊಂದನ್ನೂ ಆ್ಯಕ್ಟಿವೇಟ್ ಮಾಡಿದವರು ಜಗತ್ತಿನಾದ್ಯಂತ ಇದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಆ ದಾರಿ ತೆಗೆದುಹಾಕಿದ್ದಾಗಿ ಘೋಷಿಸಿತು. ಅದಕ್ಕೆ ಮೊದಲೇ ಡಿಜಿಟಲ್ ಲೈಸೆನ್ಸ್ ಪಡೆದ ಯಂತ್ರಗಳಿಗೆ ಧಕ್ಕೆಯಿಲ್ಲ. ಅವುಗಳಲ್ಲಿ ಎಷ್ಟು ಸಲ ಬೇಕಾದರೂ ಮತ್ತೆ ಹಾಕಬಹುದು. ಅಟ್ಟದ ಮೇಲೆ ಏಳರಲ್ಲೇ ಮಲಗಿದ್ದ ಯಂತ್ರವನ್ನು ಈಗ ಇಳಿಸಿ ಹೊಸದಾಗಿ ಪ್ರಯತ್ನಿಸುವವರಿಗೆ ಮಾತ್ರ ಬಾಗಿಲು ಮುಚ್ಚಿದೆ. ಕಂಪನಿಗೆ ಅದರ ಹಕ್ಕಿತ್ತು, ಒಪ್ಪುತ್ತೇನೆ. ಆದರೆ ಏಳು ವರ್ಷ ಬಾಯಿ ಬಿಡದೆ ಒಪ್ಪಿಕೊಂಡು ಬಂದದ್ದನ್ನು ಮುಂಗಡ ಗಡುವು ಹೇಳದೆ ನಿಲ್ಲಿಸಿದ್ದು ಬಳಕೆದಾರರನ್ನು ನಡೆಸಿಕೊಳ್ಳುವ ರೀತಿಯಲ್ಲ.

ಇನ್ನು ಒಪ್ಪಂದದ ಬಗೆಗಳು. ಲ್ಯಾಪ್‌ಟಾಪ್ ಜೊತೆ ಬಂದದ್ದು ಒಇಎಂ. ಅದು ಆ ಯಂತ್ರದ ಜೊತೆ ಹುಟ್ಟಿ ಅದರ ಜೊತೆಯೇ ಸಾಯುತ್ತದೆ, ಯಂತ್ರ ಮಾರಿದರೆ ಅದರೊಟ್ಟಿಗೆ ಹೋಗುತ್ತದೆ. ಡಬ್ಬಿಯಲ್ಲಿ ಅಥವಾ ಆನ್‌ಲೈನಿನಲ್ಲಿ ಪ್ರತ್ಯೇಕವಾಗಿ ಪೂರ್ಣ ಬೆಲೆಗೆ ಕೊಂಡದ್ದು ರೀಟೇಲ್. ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳುವ ಹಕ್ಕಿರುವುದು ಇದಕ್ಕೆ ಮಾತ್ರ. ಒಂದು ಕಾಲಕ್ಕೆ ಒಂದೇ ಯಂತ್ರ. ಕಂಪನಿ, ಕಾಲೇಜುಗಳು ಸಗಟಾಗಿ ಪಡೆಯುವುದು ವಾಲ್ಯೂಮ್. ನಿಮ್ಮಲ್ಲಿರುವುದು ಯಾವುದೆಂದು ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್ ಎಂದು ಟೈಪಿಸಿ, ಒಂದು ಜಾಗ ಬಿಟ್ಟು, ಓರೆ ಗೆರೆ ಹಾಕಿ ಡಿಎಲ್‌ಐ ಎಂದು ಸೇರಿಸಿ ಎಂಟರ್ ಒತ್ತಿ. ಪುಟ್ಟ ಕಿಟಕಿಯೊಂದರಲ್ಲಿ ಒಇಎಂ ಡಿಎಂ, ರೀಟೇಲ್, ವಾಲ್ಯೂಮ್ ಇವುಗಳಲ್ಲಿ ಒಂದು ಕಾಣುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಉಚಿತವಾಗಿ ಹತ್ತಕ್ಕೆ ಏರಿದ ಯಂತ್ರಗಳೂ ಇಲ್ಲಿ ರೀಟೇಲ್ ಎಂದೇ ತೋರಿಸುತ್ತವೆ, ಏಕೆಂದರೆ ಅವುಗಳಲ್ಲಿರುವುದು ಆ ಸಾಮಾನ್ಯ ಕೀ. ಮೂಲದಲ್ಲಿ ಒಇಎಂ ಆಗಿದ್ದರೆ ಹಕ್ಕು ಒಇಎಂನದೇ. ಪರದೆ ಏನು ಹೇಳಿದರೂ ಬಿಲ್ ಏನು ಹೇಳುತ್ತದೆ ಎಂಬುದೇ ಮುಖ್ಯ.

ವಾಲ್ಯೂಮ್ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಇಲ್ಲಿನ ಐಟಿ ಕಂಪನಿಗಳು ಕೆಲವು ವರ್ಷ ಬಳಸಿದ ಲ್ಯಾಪ್‌ಟಾಪ್‌ಗಳನ್ನು ವಿಲೇವಾರಿ ಮಾಡುತ್ತವೆ. ಅವು ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳ ಮೂಲಕ ರಾಜ್ಯದ ಮನೆಮನೆಗೆ ಹೋಗುತ್ತವೆ. ಅವುಗಳೊಳಗೆ ಹೆಚ್ಚಾಗಿ ಇರುವುದು ಎಂಟರ್‌ಪ್ರೈಸ್ ಎಡಿಶನ್. ಕಂಪನಿಯ ಒಳಗಿನ ಸರ್ವರ್ ಅದನ್ನು ಆ್ಯಕ್ಟಿವೇಟ್ ಮಾಡಿರುತ್ತದೆ, ಅದರ ಬಾಳಿಕೆ 180 ದಿನ. ಆ ಸರ್ವರಿನ ಸಂಪರ್ಕ ತಪ್ಪಿದ ಯಂತ್ರ ಆರು ತಿಂಗಳೊಳಗೆ "ವಿಂಡೋಸ್ ಆ್ಯಕ್ಟಿವೇಟ್ ಮಾಡಿ" ಎಂದು ಮೂಲೆಯಲ್ಲಿ ಬರೆಯತೊಡಗುತ್ತದೆ. ಕೊಂಡವರು ಹೊಸ ಕೀ ಹುಡುಕಿಕೊಂಡು ಹೊರಡುತ್ತಾರೆ. ನಿಲ್ಲಿ. ಕಂಪನಿಗಳ ವಾಲ್ಯೂಮ್ ಲೈಸೆನ್ಸ್ ಎಂಬುದು ಬರೀ ಮೇಲ್ದರ್ಜೆಯ ಹಕ್ಕು. ಅದಕ್ಕೆ ತಳಹದಿಯಾಗಿ ಪ್ರತಿ ಯಂತ್ರಕ್ಕೂ ಪ್ರೊ ದರ್ಜೆಯ ಲೈಸೆನ್ಸ್ ಇರಲೇಬೇಕೆಂಬುದು ಮೈಕ್ರೋಸಾಫ್ಟಿನ ನಿಯಮ. ಹಾಗಾಗಿ ಇಂಥ ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿ ಕಾರ್ಖಾನೆಯ ಪ್ರೊ ಕೀ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಎಂಟರ್‌ಪ್ರೈಸ್ ಅಳಿಸಿ ಪ್ರೊ ಹಾಕಿ, ಇಂಟರ್‌ನೆಟ್ ಕೊಡಿ. ಹೆಚ್ಚಿನ ಸಲ ಅಷ್ಟೇ ಸಾಕು. ಇದನ್ನು ತಿಳಿಯದೆ ಎಷ್ಟು ವಿದ್ಯಾರ್ಥಿಗಳು ಪಾಕೆಟ್ ಮನಿ ಖರ್ಚು ಮಾಡಿ ಕೀ ಕೊಳ್ಳುತ್ತಿದ್ದಾರೋ ಎಂದು ನೆನೆದರೆ ಸಂಕಟವಾಗುತ್ತದೆ.

ಅವರು ಕೊಳ್ಳುವ ಕೀಯಾದರೂ ಎಂಥದು? ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಮಾರುವ ಕೀಗಳಲ್ಲಿ ಬಹಳಷ್ಟು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀ, ಇಲ್ಲವೇ ಗುಜರಿಗೆ ಹೋದ ಯಂತ್ರದ ಒಇಎಂ ಕೀ. ಇವತ್ತು ಆ್ಯಕ್ಟಿವೇಟ್ ಆಗುತ್ತದೆ, ಎಂಟು ತಿಂಗಳ ನಂತರ ಕೀಯನ್ನು ತಡೆಹಿಡಿದರೆ ಮಾರಿದವರು ಸಿಗುವುದಿಲ್ಲ. "ಹೇಗೋ ಮಾಡಿಕೊಡ್ತೀವಿ" ಎನ್ನುವವರು ಬಳಸುವ ಆ್ಯಕ್ಟಿವೇಟರ್ ಇನ್ನೂ ಅಪಾಯ. ಅದನ್ನು ಓಡಿಸಲು ಮೊದಲು ಆ್ಯಂಟಿವೈರಸ್ ನಿಲ್ಲಿಸಬೇಕಾಗುತ್ತದೆ. ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುತ್ತೀರಿ.

ಮೇಲಿನಿಂದ ಕೆಳಕ್ಕೆ ಬರುವ ಪ್ರಶ್ನೆಗೂ ಉತ್ತರ ಕೊಡಬೇಕು. ಹನ್ನೊಂದಕ್ಕೆ ಏರಿದ ಹತ್ತು ದಿನಗಳೊಳಗೆ ರಿಕವರಿ ಪುಟದಲ್ಲಿ "ಗೋ ಬ್ಯಾಕ್" ಒತ್ತಿದರೆ ಹತ್ತು ತನ್ನ ಕಡತಗಳ ಸಮೇತ ಮರಳುತ್ತದೆ. ಆಮೇಲೂ ಬರಬಹುದು, ಆದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಸರ್ವರಿನ ಮಟ್ಟಿಗೆ ಹತ್ತು, ಹನ್ನೊಂದರ ಹಕ್ಕು ಒಂದೇ ಆದ್ದರಿಂದ ಆ್ಯಕ್ಟಿವೇಶನ್‌ಗೆ ತೊಂದರೆಯಾಗುವುದಿಲ್ಲ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಒಇಎಂ ಪ್ರೊಗೆ ಹಳೆಯ ಆವೃತ್ತಿಯ ಪ್ರೊ ಹಾಕಿಕೊಳ್ಳುವ ಹಕ್ಕನ್ನು ಒಪ್ಪಂದದಲ್ಲೇ ಬರೆದುಕೊಟ್ಟಿದ್ದಾರೆ. ಹೋಮ್‌ಗೆ ಅಂಥ ಹಕ್ಕು ಕೊಟ್ಟಿಲ್ಲ. ಹಳೆಯ ಅಕೌಂಟಿಂಗ್ ತಂತ್ರಾಂಶ, ಹಳೆಯ ಪ್ರಿಂಟರ್ ನೆಚ್ಚಿಕೊಂಡ ಕಚೇರಿಗಳು ಯಂತ್ರ ಕೊಳ್ಳುವಾಗ ಪ್ರೊ ಆರಿಸಬೇಕಾದ ಒಂದು ಗಟ್ಟಿ ಕಾರಣ ಇದು.

ಕೀ ಸರಿಯಿದ್ದೂ ಯಂತ್ರ ತಿರಸ್ಕೃತವಾಗುವ ಸಂದರ್ಭವೇ ಈಗ ಹೆಚ್ಚು. ಹನ್ನೊಂದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದರಾಚಿನ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡ ಗಟ್ಟಿಮುಟ್ಟಾದ ಲ್ಯಾಪ್‌ಟಾಪಿಗೆ ಅಧಿಕೃತವಾಗಿ ಪ್ರವೇಶವಿಲ್ಲ. ಹೊಸ ಕೀ ಕೊಂಡರೂ ಇದು ಬದಲಾಗುವುದಿಲ್ಲ, ಈ ಮಾತು ಅಂಗಡಿಯವರು ಹೇಳದಿದ್ದರೆ ನೀವೇ ಕೇಳಿ. ವಿಂಡೋಸ್ 10ರಲ್ಲೇ ಉಳಿಯುವವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಒಂದು ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಹಣ ಕೊಡದೆಯೂ ಸೇರಬಹುದು. ಉಬುಂಟುವಿನಂಥ ಲಿನಕ್ಸ್ ಹಾಕಿಕೊಂಡವರಿಗೆ ಕೀಯ ಗೊಡವೆಯೇ ಇಲ್ಲ.

ಇಷ್ಟೆಲ್ಲ ಆದರೂ ನಾವು ಕೊಂಡದ್ದೇನು ಎಂಬ ಪ್ರಶ್ನೆ ಉಳಿಯುತ್ತದೆ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2000ದ ಜುಲೈನಲ್ಲೇ, ಯಂತ್ರದ ಜೊತೆ ಬಂದ ಒಇಎಂ ಪ್ರತಿಯನ್ನು ಬೇರೆಯಾಗಿ ಮಾರುವುದನ್ನು ಮೈಕ್ರೋಸಾಫ್ಟ್ ತಡೆಯಲಾಗದು ಎಂದಿತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರ ಜುಲೈ 3ರ ಯೂಸ್ಡ್‌ಸಾಫ್ಟ್ ತೀರ್ಪಿನಲ್ಲಿ, ಶಾಶ್ವತ ಲೈಸೆನ್ಸಿನ ಡೌನ್‌ಲೋಡ್ ಪ್ರತಿಯನ್ನೂ ಮರುಮಾರಾಟ ಮಾಡಬಹುದು, ಮಾರಿದವರು ತಮ್ಮ ಪ್ರತಿ ಬಳಸಬಾರದು ಅಷ್ಟೇ, ಎಂದಿತು. ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಟಿಸಿಎಸ್ ಪ್ರಕರಣದಲ್ಲಿ ಸಿದ್ಧ ತಂತ್ರಾಂಶವೂ ಸರಕೇ ಎಂದು ಹೇಳಿತು. 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ, ವಿದೇಶಿ ತಂತ್ರಾಂಶಕ್ಕೆ ಕೊಡುವ ಹಣ ರಾಯಲ್ಟಿ ಎಂದಿದ್ದ ಕರ್ನಾಟಕ ಹೈಕೋರ್ಟಿನ ನಿಲುವನ್ನು ತಳ್ಳಿಹಾಕಿ, ಅಲ್ಲಿ ಮಾರಾಟವಾಗುವುದು ಹಕ್ಕುಸ್ವಾಮ್ಯವಲ್ಲ, ಹಕ್ಕುಸ್ವಾಮ್ಯವಿರುವ ಸರಕು ಎಂದಿತು. ಎರಡೂ ತೆರಿಗೆಯ ವ್ಯಾಜ್ಯಗಳು. ಒಂದು ಲ್ಯಾಪ್‌ಟಾಪಿನ ಕೀಯನ್ನು ಇನ್ನೊಂದಕ್ಕೆ ಹಾಕಬಹುದೇ ಎಂಬುದನ್ನು ಅವು ವಿಚಾರಿಸಲಿಲ್ಲ. ಆದರೂ ತೆರಿಗೆ ಹಾಕುವಾಗ ಸರಕು ಎಂದು ಎಣಿಸುವ ವಸ್ತುವಿನ ಬಗ್ಗೆ ಕೊಂಡವರಿಗೆ ಕನಿಷ್ಠ ಮಾಹಿತಿಯಾದರೂ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಡಿಶನ್ ಯಾವುದು, ಒಇಎಂ ಅಥವಾ ರೀಟೇಲ್, ಬೇರೆ ಯಂತ್ರಕ್ಕೆ ಒಯ್ಯಬಹುದೇ ಎಂಬ ಮೂರು ವಿಷಯ ಬಿಲ್ಲಿನ ಮೇಲೆ ಕನ್ನಡದಲ್ಲೇ ಅಚ್ಚಾಗಬೇಕು. ಅಸೆಂಬಲ್ ಮಾಡಿಸಿದ ಕಂಪ್ಯೂಟರುಗಳಲ್ಲಿ ಇದು ಇನ್ನೂ ಅಗತ್ಯ, ಅಲ್ಲಿ ಫರ್ಮ್‌ವೇರ್ ಕೀ ಇರುವುದಿಲ್ಲ, ಬಿಲ್ ಬಿಟ್ಟರೆ ಬೇರೆ ಪುರಾವೆಯೇ ಇಲ್ಲ.

ಹಳೆಯ ಕಂಪ್ಯೂಟರನ್ನು ಊರಿನ ಶಾಲೆಗೆ ಕೊಡುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ, ಒಳ್ಳೆಯದು. ರೀಟೇಲ್ ಕೀ ನಿಮಗೇ ಬೇಕಿದ್ದರೆ ಎಸ್‌ಎಲ್‌ಎಂಜಿಆರ್ ಜೊತೆ ಡಿಎಲ್‌ಐ ಬದಲು ಯುಪಿಕೆ ಸೇರಿಸಿ ಅದನ್ನು ಯಂತ್ರದಿಂದ ತೆಗೆಯಿರಿ, ಶಾಲೆಯವರಿಗೆ ಹಾಗೆಂದು ಹೇಳಿ. ಒಇಎಂ ಆದರೆ ತೆಗೆಯುವ ಮಾತೇ ಇಲ್ಲ, ಅದು ಯಂತ್ರದ್ದು. ಡಿಸ್ಕ್ ಅಳಿಸಿ, ಯಂತ್ರಕ್ಕೆ ಸೇರಿದ ಎಡಿಶನ್ನನ್ನೇ ಮತ್ತೆ ಹಾಕಿ, ಆ್ಯಕ್ಟಿವೇಟ್ ಆಗಿದೆಯೆಂದು ನೋಡಿದ ಮೇಲೆ ಕೊಡಿ. ಬಿಲ್ಲಿನ ಪ್ರತಿಯನ್ನೂ, ಎಡಿಶನ್ನಿನ ಹೆಸರು ಬರೆದ ಒಂದು ಚೀಟಿಯನ್ನೂ ಜೊತೆಗಿಟ್ಟರೆ, ಮುಂದೆ ಅದನ್ನು ಫಾರ್ಮ್ಯಾಟ್ ಮಾಡುವ ಮೇಷ್ಟರಿಗೆ ಏನು ಹಾಕಬೇಕೆಂದು ಗೊತ್ತಿರುತ್ತದೆ.